ಪೀಠದಿಂದ ಇಳಿದು ಬಂದ ಗುರು

ನಿಮ್ಮ ಗಲ್ಲದ ನಡುವೆ ಒಂದು ಬೆರಳನ್ನಿಟ್ಟು ಎಡಕ್ಕೂ ಬಲಕ್ಕೂ ಮೆಲ್ಲನೆ ಒತ್ತುತ್ತಾ ಹೋಗಿ. ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದವರೆಗೆ, ಎಲ್ಲಿಯೂ ತುಂಡಾಗದೆ, ಕುದುರೆಯ ಲಾಳದಂತೆ ಬಾಗಿಕೊಂಡ ಒಂದೇ ಎಲುಬು ಬೆರಳಿಗೆ ಸಿಗುತ್ತದೆ. ಇದೇ ಕೆಳದವಡೆ. ಎಳೆಯ ಕೂಸಿನಲ್ಲಿ ಎರಡು ಭಾಗವಾಗಿರುವ ಇದು ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬೆಸೆದುಕೊಂಡು ಒಂದಾಗಿಬಿಡುತ್ತದೆ. ಬೆಳೆದವರಲ್ಲಿ ಅದು ಒಂದೇ ಎಂದು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಆದರೂ ಯುರೋಪಿನ ವೈದ್ಯರು ಸುಮಾರು 1300 ವರ್ಷಗಳ ಕಾಲ ಮನುಷ್ಯನ ಕೆಳದವಡೆಯಲ್ಲಿ ಎರಡು ಎಲುಬುಗಳಿವೆ ಎಂದೇ ಕಲಿತರು, ಎಂದೇ ಕಲಿಸಿದರು. ಗ್ರಂಥದಲ್ಲಿ ಹಾಗೆ ಬರೆದಿತ್ತು. ತಮ್ಮ ಗಲ್ಲವನ್ನು ತಾವೇ ಮುಟ್ಟಿ ನೋಡಿಕೊಳ್ಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆ ಗ್ರಂಥಗಳನ್ನು ಬರೆದವನು ಗ್ಯಾಲೆನ್. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ, ಈಗಿನ ತುರ್ಕಿ ದೇಶದ ಪೆರ್ಗಮಾನ್ ಎಂಬಲ್ಲಿ ಹುಟ್ಟಿ ರೋಮಿನಲ್ಲಿ ಚಕ್ರವರ್ತಿಗಳ ವೈದ್ಯನಾಗಿದ್ದವನು. ಅವನು ಸಾಮಾನ್ಯನಲ್ಲ. ಸ್ನಾಯುಗಳು ಹೇಗೆ ಜೊತೆಜೊತೆಯಾಗಿ, ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ ಎಂಬುದನ್ನು ಅಷ್ಟು ಹಿಂದೆಯೇ ಕಂಡುಕೊಂಡಿದ್ದನು. ಆದರೆ ಅವನ ಕಾಲದ ರೋಮಿನಲ್ಲಿ ಮನುಷ್ಯರ ಶವವನ್ನು ಕೊಯ್ದು ನೋಡುವ ರೂಢಿ ಇರಲಿಲ್ಲ. ಗ್ಯಾಲೆನ್ ಕೋತಿ, ಹಂದಿ, ನಾಯಿ, ಎತ್ತು ಮುಂತಾದ ಪ್ರಾಣಿಗಳನ್ನು ಕೊಯ್ದು ನೋಡಿದನು. ಅಲ್ಲಿ ಕಂಡುದನ್ನೇ ಮನುಷ್ಯನಿಗೂ ಅನ್ವಯಿಸಿ ಬರೆದನು. ನಾಯಿಯ ಕೆಳದವಡೆಯಲ್ಲಿ ಎಲುಬುಗಳು ಎರಡೇ. ಅವನು ಕಂಡದ್ದು ಸುಳ್ಳಲ್ಲ, ಕಂಡ ಪ್ರಾಣಿ ಮಾತ್ರ ಬೇರೆ. ಮುಂದಿನವರು ಅವನಂತೆ ಕತ್ತಿ ಹಿಡಿಯಲಿಲ್ಲ. ಅವನ ಪುಸ್ತಕವನ್ನು ಹಿಡಿದುಕೊಂಡರು. ಈ ಪುಸ್ತಕವನ್ನು ಎಲುಬಿನ ಪಕ್ಕದಲ್ಲಿಟ್ಟು ತಾಳೆ ನೋಡಿದವನು ಆಂಡ್ರಿಯಾಸ್ ವೆಸಾಲಿಯಸ್.

ವೆಸಾಲಿಯಸ್ ಹುಟ್ಟಿದ್ದು 1514ರ ಡಿಸೆಂಬರ್ 31ರಂದು, ಈಗ ಬೆಲ್ಜಿಯಂ ದೇಶದ ರಾಜಧಾನಿಯಾಗಿರುವ ಬ್ರಸೆಲ್ಸ್ ನಗರದಲ್ಲಿ. ಮನೆತನವೇ ವೈದ್ಯರದ್ದು. ಮುತ್ತಜ್ಜ ಲೂವೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಕಲಿಸಿದವನು. ಅಜ್ಜ ಅರಮನೆಯ ವೈದ್ಯ. ತಂದೆ ಚಕ್ರವರ್ತಿ ಐದನೆಯ ಚಾರ್ಲ್ಸನಿಗೆ ಔಷಧಿಗಳನ್ನು ಸಿದ್ಧಪಡಿಸಿ ಕೊಡುವ ಕೆಲಸದಲ್ಲಿದ್ದನು. ಅವರ ಮನೆಯಿಂದ ಸ್ವಲ್ಪ ದೂರದಲ್ಲಿ ಅಪರಾಧಿಗಳನ್ನು ನೇಣಿಗೆ ಹಾಕುವ ಗುಡ್ಡವೊಂದಿತ್ತು. ಆ ಕಾಲದಲ್ಲಿ ನೇಣಿಗೇರಿಸಿದವರ ದೇಹಗಳನ್ನು ಇಳಿಸದೆ ಹಾಗೆಯೇ ಬಿಟ್ಟುಬಿಡುತ್ತಿದ್ದರು. ಹಕ್ಕಿಗಳು ತಿಂದು ಬಿಟ್ಟ ಎಲುಬುಗಳು ಬಿಸಿಲು ಮಳೆಗಳಲ್ಲಿ ಬೆಳ್ಳಗಾಗುತ್ತಿದ್ದವು. ಇಂತಹ ನೋಟಗಳ ನಡುವೆ ಬೆಳೆದ ಹುಡುಗನು ಇಲಿ, ಹೆಗ್ಗಣ, ಬೆಕ್ಕು, ನಾಯಿಗಳ ಸತ್ತ ದೇಹಗಳನ್ನು ಕೊಯ್ದು ಒಳಗೇನಿದೆ ಎಂದು ನೋಡುತ್ತಿದ್ದನು ಎಂದು ಹೇಳುತ್ತಾರೆ.

ಲೂವೆನ್‌ನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಕಲಿತ ಮೇಲೆ 1533ರಲ್ಲಿ ಅವನು ವೈದ್ಯಶಾಸ್ತ್ರವನ್ನು ಓದಲು ಪ್ಯಾರಿಸ್ಸಿಗೆ ಹೋದನು. ಅಲ್ಲಿ ಅವನ ಗುರುಗಳಲ್ಲಿ ಒಬ್ಬನು ಸಿಲ್ವಿಯಸ್. ಈತ ದೊಡ್ಡ ವಿದ್ವಾಂಸ, ಗ್ಯಾಲೆನ್‌ನ ಪರಮಭಕ್ತ. ಈ ಹೆಸರನ್ನು ನೆನಪಿನಲ್ಲಿಡಿ; ಮುಂದೆ ಮತ್ತೆ ಬರುತ್ತದೆ.

ಅಂದಿನ ವೈದ್ಯಶಾಲೆಗಳಲ್ಲಿ ಶರೀರದ ರಚನೆಯನ್ನು ಕಲಿಸುತ್ತಿದ್ದ ಬಗೆ ಹೀಗಿತ್ತು. ಪ್ರಾಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಗ್ಯಾಲೆನ್‌ನ ಗ್ರಂಥವನ್ನು ಲ್ಯಾಟಿನ್ ಭಾಷೆಯಲ್ಲಿ ಓದುತ್ತಿದ್ದನು. ಕೆಳಗೆ ಮೇಜಿನ ಮೇಲೆ ಶವ. ಅದನ್ನು ಕೊಯ್ಯುವವನು ಒಬ್ಬ ಕ್ಷೌರಿಕ. ಅವನಿಗೆ ಲ್ಯಾಟಿನ್ ಬಾರದು. ಪೀಠದಲ್ಲಿ ಓದಿದ ಭಾಗ ಯಾವುದೆಂದು ಕೋಲಿನಿಂದ ತೋರಿಸಲು ಇನ್ನೊಬ್ಬನಿರುತ್ತಿದ್ದನು. ಓದುವವನು ಮುಟ್ಟುತ್ತಿರಲಿಲ್ಲ, ಮುಟ್ಟುವವನಿಗೆ ಓದು ತಿಳಿಯುತ್ತಿರಲಿಲ್ಲ. ಮೂರು ನಾಲ್ಕು ದಿನಗಳಲ್ಲಿ ಶವ ಕೆಡುವ ಮೊದಲೇ ಎಲ್ಲವನ್ನೂ ಮುಗಿಸಬೇಕು. ಆ ಅವಸರದಲ್ಲಿ ಹೊಟ್ಟೆ, ಎದೆ, ತಲೆ ಇಷ್ಟನ್ನು ತೆರೆದು ತೋರಿಸಿದರೆ ಆಯಿತು. ಎಲುಬು ಮತ್ತು ಸ್ನಾಯುಗಳನ್ನು ಕೇಳುವವರೇ ಇರಲಿಲ್ಲ. ಪಾಠ ಹೇಳುವ ವೃತ್ತಿಯಲ್ಲಿರುವ ನನ್ನಂತಹವರಿಗೆ ಈ ವರ್ಣನೆಯನ್ನು ಓದುವಾಗ ಸ್ವಲ್ಪ ಮುಜುಗರವೇ ಆಗುತ್ತದೆ. ಬೀಜ ಮೊಳೆಯುವುದನ್ನು ಕಪ್ಪುಹಲಗೆಯ ಮೇಲೆ ಮಾತ್ರ ತೋರಿಸಿ ಮುಗಿಸುವ ತರಗತಿಗಳು ಇಂದಿಗೂ ಇಲ್ಲದಿಲ್ಲ.

ವೆಸಾಲಿಯಸ್ ತನಗೆ ಬೇಕಾದ ಪಾಠವನ್ನು ತರಗತಿಯ ಹೊರಗೆ ಹುಡುಕಿಕೊಂಡನು. ಪ್ಯಾರಿಸ್ಸಿನ ಹಳೆಯ ಸ್ಮಶಾನವೊಂದರಲ್ಲಿ ನೆಲದಿಂದ ಅಗೆದು ತೆಗೆದ ಎಲುಬುಗಳು ರಾಶಿರಾಶಿಯಾಗಿ ಬಿದ್ದಿದ್ದವು. ಅವನೂ ಅವನ ಗೆಳೆಯರೂ ಅಲ್ಲಿ ಗಂಟೆಗಟ್ಟಲೆ ಕುಳಿತು ಒಂದೊಂದು ಎಲುಬನ್ನೂ ಎತ್ತಿ ಪರೀಕ್ಷಿಸುತ್ತಿದ್ದರು. ನಗರದ ಹೊರಗಿನ ವಧಾಸ್ಥಾನಕ್ಕೆ ಹೋದಾಗ ಹಸಿದ ನಾಯಿಗಳು ಮೇಲೆ ಬಿದ್ದು ಪ್ರಾಣಕ್ಕೇ ಅಪಾಯ ಬಂದದ್ದೂ ಉಂಟು. ಸ್ವಲ್ಪ ಕಾಲದಲ್ಲಿಯೇ ಈ ಹುಡುಗರಿಗೆ ಎಷ್ಟು ಅಭ್ಯಾಸವಾಯಿತೆಂದರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಕೊಟ್ಟ ಎಲುಬು ಯಾವುದೆಂದು ಮುಟ್ಟಿಯೇ ಹೇಳುವ ಪಂದ್ಯ ಕಟ್ಟುತ್ತಿದ್ದರು. ಬೆಳೆದ ಮನುಷ್ಯನ ದೇಹದಲ್ಲಿರುವ ಎಲುಬುಗಳು 206. ಅವುಗಳಲ್ಲಿ ಮಣಿಕಟ್ಟಿನ ಪುಟ್ಟ ಎಲುಬುಗಳೇ ಒಂದೊಂದು ಕೈಗೆ ಎಂಟು. ಒಂದರಿಂದ ಇನ್ನೊಂದನ್ನು ಕಣ್ಣು ಬಿಟ್ಟು ಗುರುತಿಸುವುದೇ ಕಷ್ಟ. ಈ ಹುಡುಗರ ಆಟದ ಬೆಲೆ ಇದರಿಂದ ತಿಳಿದೀತು.

1536ರಲ್ಲಿ ಫ್ರಾನ್ಸಿನ ದೊರೆಗೂ ಚಕ್ರವರ್ತಿ ಚಾರ್ಲ್ಸನಿಗೂ ಯುದ್ಧ ಶುರುವಾಯಿತು. ಚಕ್ರವರ್ತಿಯ ಪ್ರಜೆಯಾದ ವೆಸಾಲಿಯಸ್ ಪ್ಯಾರಿಸ್ಸನ್ನು ಬಿಟ್ಟು ಲೂವೆನ್‌ಗೆ ಮರಳಿದನು. ಇಲ್ಲಿ ನಡೆದ ಸಂಗತಿಯೊಂದನ್ನು ಅವನೇ ಮುಂದೆ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಒಂದು ದಿನ ಅವನೂ ಗಣಿತಜ್ಞನಾದ ಅವನ ಗೆಳೆಯ ಜೆಮ್ಮಾ ಫ್ರಿಸಿಯಸ್ಸನೂ ಊರ ಹೊರಗಿನ ವಧಾಸ್ಥಾನದ ಕಡೆಗೆ ಹೋಗಿದ್ದರು. ಅಲ್ಲಿ ಕಂಬಕ್ಕೆ ಸರಪಣಿಯಿಂದ ಬಿಗಿದಿದ್ದ ಒಂದು ದೇಹ ಕಂಡಿತು. ಹಕ್ಕಿಗಳು ಮಾಂಸವನ್ನೆಲ್ಲ ತಿಂದು ಮುಗಿಸಿದ್ದವು. ಎಲುಬುಗಳನ್ನು ಒಂದಕ್ಕೊಂದು ಬಿಗಿದ ನಾರಿನಂತಹ ಕಟ್ಟುಗಳು ಮಾತ್ರ ಉಳಿದು, ಇಡೀ ಅಸ್ಥಿಪಂಜರ ಬಿಡಿಯಾಗದೆ ನಿಂತಿತ್ತು. ಅಸ್ಥಿರಜ್ಜು ಎಂದು ವಿಜ್ಞಾನ ಪಾಠದಲ್ಲಿ ನೀವು ಓದುವುದು ಈ ಕಟ್ಟುಗಳನ್ನೇ. ವೆಸಾಲಿಯಸ್ಸನಿಗೆ ನಿಧಿ ಸಿಕ್ಕಿದಂತಾಯಿತು. ಗೆಳೆಯನ ನೆರವಿನಿಂದ ಕಂಬವನ್ನು ಹತ್ತಿ ಕೈಕಾಲುಗಳ ಎಲುಬುಗಳನ್ನು ಬಿಡಿಸಿಕೊಂಡನು. ಯಾರಿಗೂ ಕಾಣದಂತೆ, ಒಂದೇ ಸಲಕ್ಕಲ್ಲ, ಹಲವು ಸಲ ಹೋಗಿ ಬಂದು ಅವನ್ನು ಮನೆಗೆ ಸಾಗಿಸಿದನು. ಎದೆಯ ಗೂಡು ಸರಪಣಿಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕಾಗಿ ಒಂದು ಸಂಜೆ ನಗರದ ಬಾಗಿಲು ಮುಚ್ಚುವಾಗ ಬೇಕೆಂದೇ ಹೊರಗುಳಿದು, ನಡುರಾತ್ರಿ ಒಬ್ಬನೇ ಕಂಬ ಹತ್ತಿ ಕಿತ್ತು ತಂದನು. ಕೆಲವು ಎಲುಬುಗಳು ಸಿಕ್ಕಿರಲಿಲ್ಲ. ಅವನ್ನು ಬೇರೆ ಕಡೆಯಿಂದ ಹೊಂದಿಸಿದನು. ಎಲುಬುಗಳನ್ನು ಗುಟ್ಟಾಗಿ ಬೇಯಿಸಿ ಶುಚಿಗೊಳಿಸಿ ಜೋಡಿಸಿ ನಿಲ್ಲಿಸಿದ ಮೇಲೆ, ಅದನ್ನು ಪ್ಯಾರಿಸ್ಸಿನಿಂದ ತಂದೆನೆಂದು ಊರವರಿಗೆ ಹೇಳಿದನು.

ಎಲುಬುಗಳನ್ನು ಬೇಯಿಸುವ ಈ ವಿಧಾನವನ್ನು ಅವನು ಮುಂದೆ ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೆ ಮೊದಲು ಶವವನ್ನು ಸುಣ್ಣದೊಂದಿಗೆ ರಂಧ್ರಗಳಿರುವ ಪೆಟ್ಟಿಗೆಯಲ್ಲಿಟ್ಟು ಹರಿಯುವ ನೀರಿನಲ್ಲಿ ಹಲವು ದಿನ ಇಡುವ ಕ್ರಮವಿತ್ತು. ನಮ್ಮ ದೇಶದ ಸುಶ್ರುತನ ಗ್ರಂಥದಲ್ಲಿಯೂ ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಏಳು ರಾತ್ರಿ ಹೊಳೆಯ ನೀರಿನಲ್ಲಿರಿಸಿ, ಆಮೇಲೆ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕೆಂಬ ವಿಧಿಯಿದೆ. ಶಾಸ್ತ್ರವನ್ನು ಓದಿದರೆ ಸಾಲದು, ಕಣ್ಣಾರೆ ಕಾಣಬೇಕು ಎಂಬ ಮಾತು ವೆಸಾಲಿಯಸ್ಸನಿಗಿಂತ ಬಹಳ ಹಿಂದೆಯೇ ಇಲ್ಲಿ ಹುಟ್ಟಿತ್ತು. ಆದರೆ ಮುಂದಿನ ಶತಮಾನಗಳಲ್ಲಿ ಇಲ್ಲಿಯೂ ಗ್ರಂಥ ಉಳಿಯಿತು, ನೋಡುವ ಅಭ್ಯಾಸ ತಪ್ಪಿಹೋಯಿತು.

1537ರಲ್ಲಿ ವೆಸಾಲಿಯಸ್ ಇಟಲಿಯ ಪಾದುವಾ ನಗರಕ್ಕೆ ಬಂದನು. ಅದು ವೆನಿಸ್ ಗಣರಾಜ್ಯಕ್ಕೆ ಸೇರಿದ್ದು. ಅಲ್ಲಿನ ವಿಶ್ವವಿದ್ಯಾಲಯ ಆಗಿನ ಯುರೋಪಿನಲ್ಲೆಲ್ಲ ಹೆಸರಾದುದು. ಡಿಸೆಂಬರ್ 5ರಂದು ಅವನಿಗೆ ವೈದ್ಯಪದವಿ ದೊರೆಯಿತು. ಅದರ ಬೆನ್ನಿಗೇ ಅಲ್ಲಿಯೇ ಶಸ್ತ್ರಚಿಕಿತ್ಸೆ ಮತ್ತು ಅಂಗರಚನಾಶಾಸ್ತ್ರಗಳ ಅಧ್ಯಾಪಕನಾಗಿ ನೇಮಕಗೊಂಡನು. ಆಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ಪಾದುವಾದ ವಿದ್ಯಾರ್ಥಿಗಳು ಅಲ್ಲಿಯವರೆಗೆ ನೋಡದ ನೋಟವೊಂದನ್ನು ನೋಡಿದರು. ಅವರ ಹೊಸ ಅಧ್ಯಾಪಕ ಪೀಠದಿಂದ ಇಳಿದು ಮೇಜಿನ ಬಳಿಗೆ ಬಂದನು. ಕ್ಷೌರಿಕನ ಕೈಯಿಂದ ಕತ್ತಿಯನ್ನು ತೆಗೆದುಕೊಂಡು ತಾನೇ ಕೊಯ್ದನು. ತಾನೇ ಎತ್ತಿ ತೋರಿಸಿದನು, ತೋರಿಸುತ್ತಲೇ ವಿವರಿಸಿದನು. ಪಕ್ಕದಲ್ಲಿ ಒಂದು ಅಸ್ಥಿಪಂಜರವನ್ನು ನಿಲ್ಲಿಸಿರುತ್ತಿದ್ದನು. ದೇಹದಲ್ಲಿ ಒಂದು ಸ್ನಾಯುವನ್ನು ಬಿಡಿಸಿದಾಗ, ಅದು ಯಾವ ಎಲುಬಿನಲ್ಲಿ ಹುಟ್ಟಿ ಯಾವ ಎಲುಬಿಗೆ ಹೋಗಿ ಹಿಡಿದುಕೊಳ್ಳುತ್ತದೆ ಎಂದು ಅಸ್ಥಿಪಂಜರದ ಮೇಲೆ ತೋರಿಸಲು ಅನುಕೂಲವಾಗುತ್ತಿತ್ತು. ವಿದ್ಯಾರ್ಥಿಗಳು ನೆನಪಿಗೆಂದು ಚಿತ್ರಗಳನ್ನು ಕೇಳತೊಡಗಿದರು. 1538ರಲ್ಲಿ ಅವನು ಆರು ದೊಡ್ಡ ಚಿತ್ರಪಟಗಳನ್ನು ಅಚ್ಚು ಹಾಕಿಸಿದನು. ಮೂರು ಅಸ್ಥಿಪಂಜರದವು, ಅವನ್ನು ಬರೆದವನು ಕಾಲ್ಕರ್ ಎಂಬ ಕಲಾವಿದ. ಉಳಿದ ಮೂರರಲ್ಲಿ ರಕ್ತನಾಳಗಳೂ ಯಕೃತ್ತೂ ಇದ್ದವು. ಅವನ್ನು ವೆಸಾಲಿಯಸ್ಸನೇ ಬರೆದನು. ಈ ಪಟಗಳಲ್ಲಿ ಯಕೃತ್ತಿಗೆ ಐದು ಹಾಲೆಗಳಿವೆ. ಅದು ಗ್ಯಾಲೆನ್ ಹೇಳಿದ ಲೆಕ್ಕ, ಮನುಷ್ಯನ ಯಕೃತ್ತಿನದಲ್ಲ. ಶವವನ್ನು ಕೈಯಾರೆ ಕೊಯ್ಯುತ್ತಿದ್ದ ಅವನ ಕಣ್ಣಿಗೂ ಆ ಹೊತ್ತಿಗೆ ಗ್ರಂಥದ ಪೊರೆ ಕಳಚಿರಲಿಲ್ಲ.

ಕಳಚುವುದಕ್ಕೆ ಹೆಚ್ಚು ದೇಹಗಳನ್ನು ನೋಡುವ ಅವಕಾಶ ಬೇಕಾಗಿತ್ತು. 1539ರಲ್ಲಿ ಪಾದುವಾದ ನ್ಯಾಯಾಧೀಶ ಮಾರ್ಕಾಂಟೋನಿಯೋ ಕಾಂಟರೀನಿ ಇವನ ಕೆಲಸವನ್ನು ಮೆಚ್ಚಿ, ಮರಣದಂಡನೆಗೆ ಗುರಿಯಾದವರ ಶವಗಳು ಇವನಿಗೆ ಸಿಗುವಂತೆ ಮಾಡಿದನು. ಮುಂದಿನ ವರ್ಷದ ಆರಂಭದಲ್ಲಿ ಬೊಲೋನ್ಯಾ ನಗರದವರು ಅವನನ್ನು ಕರೆಸಿಕೊಂಡರು. ಅಲ್ಲಿ ಅವನು ಮನುಷ್ಯನ ಅಸ್ಥಿಪಂಜರವನ್ನೂ ಕೋತಿಯ ಅಸ್ಥಿಪಂಜರವನ್ನೂ ಅಕ್ಕಪಕ್ಕದಲ್ಲಿ ಇಟ್ಟನು. ಗ್ಯಾಲೆನ್ ಬೆನ್ನುಮೂಳೆಯ ಕೆಳಭಾಗದಲ್ಲಿ ವರ್ಣಿಸಿದ್ದ ಒಂದು ಸಣ್ಣ ಮುಂಚಾಚು ಮನುಷ್ಯನಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಕೋತಿಯ ಬೆನ್ನಿನಲ್ಲಿ ಅದು ಇದ್ದಲ್ಲಿಯೇ ಇತ್ತು. ಗ್ಯಾಲೆನ್‌ನ ಶರೀರಶಾಸ್ತ್ರ ಮನುಷ್ಯರದಲ್ಲ, ಬಹುಪಾಲು ಕೋತಿಗಳದು ಎಂಬುದು ಅವನಿಗೆ ಖಚಿತವಾಯಿತು. ಒಂದು ಕಡೆ ತಪ್ಪು ಸಿಕ್ಕಿದರೆ ಉಳಿದುದನ್ನೆಲ್ಲ ಮತ್ತೆ ನೋಡಬೇಕಲ್ಲವೇ? ಕೆಳದವಡೆ ಒಂದೇ ಎಲುಬು. ಎದೆಯ ನಡುವಿನ ಎಲುಬಿಗೆ ಭಾಗಗಳು ಏಳಲ್ಲ, ಮೂರು. ಗಂಡಸಿಗೆ ಹೆಂಗಸಿಗಿಂತ ಒಂದು ಪಕ್ಕೆಲುಬು ಕಡಿಮೆ ಎಂದು ಜನ ನಂಬಿದ್ದರು. ಎಣಿಸಿ ನೋಡಿದರೆ ಇಬ್ಬರಿಗೂ ಹನ್ನೆರಡು ಜೊತೆ. ಹೀಗೆ ಅವನು ತಿದ್ದಿದ ತಪ್ಪುಗಳು ಇನ್ನೂರನ್ನು ಮೀರುತ್ತವೆ.

ಇವೆಲ್ಲವನ್ನೂ ಸೇರಿಸಿ ಬರೆದ ಗ್ರಂಥವೇ ಫ್ಯಾಬ್ರಿಕಾ. ಮಾನವ ದೇಹದ ರಚನೆ ಎಂದು ಅದರ ಹೆಸರಿನ ಅರ್ಥ. ಏಳು ಭಾಗಗಳು, ಆರುನೂರಕ್ಕೂ ಹೆಚ್ಚು ದೊಡ್ಡ ಪುಟಗಳು, ಇನ್ನೂರಕ್ಕೂ ಹೆಚ್ಚು ಚಿತ್ರಗಳು. ಚಿತ್ರಗಳನ್ನು ವೆನಿಸ್ಸಿನ ಪ್ರಸಿದ್ಧ ಕಲಾವಿದ ಟಿಶಿಯನ್‌ನ ಚಿತ್ರಶಾಲೆಯವರು ಬರೆದರೆಂಬುದು ಸಾಮಾನ್ಯ ಅಭಿಪ್ರಾಯ. ಮರದ ಅಚ್ಚುಗಳನ್ನು ವೆನಿಸ್ಸಿನಲ್ಲಿಯೇ ಕೆತ್ತಿಸಿ, ಜೋಪಾನವಾಗಿ ಕಟ್ಟಿಸಿ, ವರ್ತಕರ ಮೂಲಕ ಆಲ್ಪ್ಸ್ ಪರ್ವತ ದಾಟಿಸಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮುದ್ರಕ ಒಪೊರಿನಸ್ಸನಿಗೆ ಕಳುಹಿಸಿದನು. ತಾನೂ ಅಲ್ಲಿಗೆ ಹೋಗಿ ನಿಂತು ಮುದ್ರಣವನ್ನು ನೋಡಿಕೊಂಡನು. 1543ರಲ್ಲಿ ಪುಸ್ತಕ ಹೊರಬಂದಿತು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದ ಕೊಪರ್ನಿಕಸ್ಸನ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ವೆಸಾಲಿಯಸ್ಸನಿಗೆ ಆಗ ವಯಸ್ಸು 28.

ಪುಸ್ತಕದ ಮೊದಲ ಪುಟದ ಚಿತ್ರವೇ ಒಂದು ಪಾಠದಂತಿದೆ. ಕಿಕ್ಕಿರಿದ ಸಭೆ. ನಡುವೆ ಮೇಜಿನ ಬಳಿ ನಿಂತ ವೆಸಾಲಿಯಸ್ಸನ ಕೈ ಶವದ ಮೇಲಿದೆ. ಹಿಂದೆ, ಪ್ರಾಧ್ಯಾಪಕನ ಪೀಠವಿರಬೇಕಾದ ಕಡೆ, ಎತ್ತರಕ್ಕೆ ಒಂದು ಅಸ್ಥಿಪಂಜರ. ಕೊಯ್ಯುವ ಕೆಲಸ ಕಳೆದುಕೊಂಡ ಕ್ಷೌರಿಕರು ಮೇಜಿನ ಅಡಿಯಲ್ಲಿ ಕುಳಿತು ಕತ್ತಿ ಮಸೆಯುತ್ತಾ ಜಗಳವಾಡುತ್ತಿದ್ದಾರೆ. ಒಂದು ಮೂಲೆಯಲ್ಲಿ ಕೋತಿ, ಇನ್ನೊಂದು ಮೂಲೆಯಲ್ಲಿ ನಾಯಿ.

ದೇಹವನ್ನು ವಿವರಿಸಲು ಹೊರಟವನು ಹೃದಯದಿಂದಲೋ ಹೊಟ್ಟೆಯಿಂದಲೋ ಶುರುಮಾಡಲಿಲ್ಲ, ಎಲುಬಿನಿಂದ ಶುರುಮಾಡಿದನು. ಮನೆಗೆ ಗೋಡೆ ಮತ್ತು ತೊಲೆಗಳಿದ್ದಂತೆ ದೇಹಕ್ಕೆ ಎಲುಬು. ಅದು ಸರಿಯಾಗಿ ತಿಳಿಯದಿದ್ದರೆ ಅದಕ್ಕೆ ಅಂಟಿಕೊಂಡಿರುವ ಯಾವುದೂ ತಿಳಿಯುವುದಿಲ್ಲ ಎಂಬುದು ಅವನ ನಿಲುವು. ಮೊದಲ ಭಾಗ ಎಲುಬು ಮತ್ತು ಮೃದ್ವಸ್ಥಿಗಳನ್ನು ಕುರಿತದ್ದು. ಎರಡನೆಯದು ಅಸ್ಥಿರಜ್ಜು ಮತ್ತು ಸ್ನಾಯುಗಳನ್ನು ಕುರಿತದ್ದು. ಅವನ ಅಸ್ಥಿಪಂಜರಗಳು ಸುಮ್ಮನೆ ನೇತುಬಿದ್ದಿಲ್ಲ. ಒಂದು ಸಲಿಕೆಗೆ ಒರಗಿಕೊಂಡು ಮೇಲೆ ನೋಡುತ್ತಿದೆ. ಇನ್ನೊಂದು ಗೋರಿಯ ಕಲ್ಲಿನ ಮೇಲೆ ಮೊಣಕೈಯೂರಿ, ತಲೆಬುರುಡೆಯೊಂದರ ಮೇಲೆ ಕೈಯಿಟ್ಟು ಯೋಚನೆಯಲ್ಲಿ ಮುಳುಗಿದೆ. ಹೀಗೆ ನಿಲ್ಲಿಸಿದ್ದು ಅಲಂಕಾರಕ್ಕಲ್ಲ. ಮಂಡಿ ಬಾಗಿದಾಗ ತೊಡೆಯ ಎಲುಬಿನ ತುದಿ ಕಾಲಿನ ಎಲುಬಿನ ಮೇಲೆ ಹೇಗೆ ಕೂರುತ್ತದೆ, ತೋಳು ತಿರುಗಿದಾಗ ಹೆಗಲಿನ ಗುಳಿಯಲ್ಲಿ ಏನಾಗುತ್ತದೆ ಎಂಬುದು ಈ ಭಂಗಿಗಳಿಂದ ಗೊತ್ತಾಗುತ್ತದೆ. ಮೊಣಕೈಯ ಕೀಲು ಬಾಗಿಲಿನ ಬಿಜಾಗರದಂತೆ ಒಂದೇ ದಿಕ್ಕಿಗೆ ಮಡಚುತ್ತದೆ. ಹೆಗಲಿನದು ಗುಳಿಯಲ್ಲಿಟ್ಟ ಚೆಂಡಿನಂತೆ ಎಲ್ಲ ಕಡೆಗೂ ಹೊರಳುತ್ತದೆ. ಎಲುಬಿನ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ, ನಡುವೆ ಎಣ್ಣೆ ಹಾಕಿದಂತೆ ಜಾರಿಸುವ ದ್ರವವಿದೆ. ಇವು ಇಲ್ಲದಿದ್ದರೆ ಎಲುಬಿಗೆ ಎಲುಬು ಉಜ್ಜಿ ನಾವು ನಾಲ್ಕು ಹೆಜ್ಜೆಯನ್ನೂ ನೆಮ್ಮದಿಯಿಂದ ಇಡಲಾರೆವು.

ಸ್ನಾಯುಗಳ ಚಿತ್ರಗಳು ಇನ್ನೂ ಸೊಗಸು. ಹದಿನಾಲ್ಕು ದೊಡ್ಡ ಚಿತ್ರಗಳಲ್ಲಿ ಮನುಷ್ಯಾಕೃತಿಗಳು ಬಯಲಿನಲ್ಲಿ ನಿಂತಿವೆ. ಮೊದಲನೆಯದರಲ್ಲಿ ಚರ್ಮ ಮಾತ್ರ ತೆಗೆದಿದೆ. ಮುಂದಿನದರಲ್ಲಿ ಮೇಲಿನ ಸ್ನಾಯುಗಳು ಕಳಚಿ ಜೋತುಬಿದ್ದಿವೆ. ಹೀಗೆ ಪದರ ಪದರವಾಗಿ ಕಳಚುತ್ತಾ ಕೊನೆಗೆ ನಿಲ್ಲುವ ಶಕ್ತಿಯೇ ಇಲ್ಲದಂತಾಗಿ, ಒಂದು ದೇಹವನ್ನು ಹಗ್ಗದಲ್ಲಿ ತೂಗುಹಾಕಬೇಕಾಗಿ ಬಂದಿದೆ. ಎಲುಬುಗಳೆಲ್ಲ ಹಾಗೆಯೇ ಇದ್ದರೂ, ಎಳೆದು ಹಿಡಿಯುವ ಸ್ನಾಯುಗಳಿಲ್ಲದೆ ದೇಹ ನಿಲ್ಲದು. ಈ ಚಿತ್ರಗಳ ಹಿನ್ನೆಲೆಯಲ್ಲಿರುವ ಗುಡ್ಡ, ಸೇತುವೆ, ಊರುಗಳನ್ನು ಒಂದರ ಪಕ್ಕ ಒಂದಿಟ್ಟರೆ ಪಾದುವಾ ಹತ್ತಿರದ ಒಂದೇ ಉದ್ದನೆಯ ದೃಶ್ಯವಾಗುತ್ತದೆ. ಪ್ರತಿ ಸ್ನಾಯುವಿಗೂ ಅಕ್ಷರದ ಗುರುತಿದೆ. ಅದೇ ಅಕ್ಷರವನ್ನು ಬರವಣಿಗೆಯಲ್ಲಿ ಹುಡುಕಿದರೆ ವಿವರ ಸಿಗುತ್ತದೆ. ಇಂದು ನಿಮ್ಮ ವಿಜ್ಞಾನ ಪುಸ್ತಕದ ಚಿತ್ರಗಳಲ್ಲಿ ಭಾಗಗಳನ್ನು ಗುರುತಿಸುವ ಕ್ರಮ ಇದಕ್ಕಿಂತ ಬಹಳ ಬೇರೆಯಲ್ಲ.

ಪುಸ್ತಕದಲ್ಲಿ ವೆಸಾಲಿಯಸ್ಸನ ಭಾವಚಿತ್ರವೂ ಇದೆ. ಅದರಲ್ಲಿ ಅವನು ಗ್ರಂಥವನ್ನು ಹಿಡಿದು ಕುಳಿತಿಲ್ಲ. ಕೊಯ್ದು ತೆರೆದ ಒಂದು ಮುಂಗೈಯನ್ನು ಹಿಡಿದು, ಬೆರಳನ್ನು ಮಡಚುವ ಸ್ನಾಯುರಜ್ಜುಗಳನ್ನು ನಮಗೆ ತೋರಿಸುತ್ತಿದ್ದಾನೆ. ಅವನು ಏನನ್ನು ತೋರಿಸುತ್ತಿದ್ದನೆಂದು ನೀವೇ ಪರೀಕ್ಷಿಸಬಹುದು. ಎಡಗೈಯಿಂದ ಬಲ ಮುಂಗೈಯನ್ನು, ಮೊಣಕೈಗಿಂತ ಸ್ವಲ್ಪ ಕೆಳಗೆ, ಬಿಗಿಯಾಗಿ ಹಿಡಿದುಕೊಳ್ಳಿ. ಈಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ. ಆಡುವುದು ಬೆರಳು, ಆದರೆ ಉಬ್ಬುವುದು ಮುಂಗೈ. ಬೆರಳುಗಳ ಒಳಗೆ ಅವನ್ನು ಮಡಚುವ ಮಾಂಸಲ ಸ್ನಾಯುಗಳಿಲ್ಲ. ಸ್ನಾಯು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹೊರಟ ದಾರದಂತಹ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿನ ಎಲುಬುಗಳಿಗೆ ಹೋಗಿ ಹಿಡಿದುಕೊಂಡಿವೆ. ಸೂತ್ರದ ಬೊಂಬೆಯನ್ನು ಮೇಲಿನಿಂದ ಆಡಿಸುವಂತೆಯೇ ಇದು. ಬೆರಳಿನ ಮೇಲ್ಪದರದ ರಜ್ಜು ಒಂದೆಡೆ ಕವಲೊಡೆದು ದಾರಿ ಬಿಡುತ್ತದೆ. ಒಳಪದರದ ರಜ್ಜು ಆ ಸಂದಿಯ ಮೂಲಕ ಹಾದು ಬೆರಳ ತುದಿಯನ್ನು ತಲುಪುತ್ತದೆ. ಯಾವ ಕಮ್ಮಾರನೂ ಬಡಗಿಯೂ ಇದನ್ನು ನೋಡಿ ತಲೆದೂಗದಿರಲಾರನು.

ಸ್ನಾಯುವಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಅದಕ್ಕಾಗಿಯೇ ತೋಳಿನ ಮುಂದೆ ಒಂದು, ಹಿಂದೆ ಒಂದು. ಮುಂದಿನದು ಕುಗ್ಗಿದರೆ ಕೈ ಮಡಚುತ್ತದೆ. ಅದು ಸಡಿಲಗೊಂಡು ಹಿಂದಿನದು ಕುಗ್ಗಿದರೆ ಕೈ ಚಾಚುತ್ತದೆ. ಗ್ಯಾಲೆನ್‌ಗೂ ಇದು ಗೊತ್ತಿತ್ತೆಂದು ಮೊದಲೇ ಹೇಳಿದೆ. ಸ್ನಾಯು ಕುಗ್ಗುವುದಾದರೂ ಹೇಗೆ ಎಂಬ ಪ್ರಶ್ನೆಗೆ ವೆಸಾಲಿಯಸ್ಸನಲ್ಲಿ ಉತ್ತರವಿರಲಿಲ್ಲ. ಸ್ನಾಯುವಿನ ಒಳಗಿನ ಅತಿಸೂಕ್ಷ್ಮ ಎಳೆಗಳು ಒಂದರ ನಡುವೆ ಒಂದು ಜಾರುತ್ತವೆ ಎಂಬ ವಿವರಣೆ ಬಂದದ್ದು 1954ರಲ್ಲಿ.

ಇಷ್ಟೆಲ್ಲ ಜ್ಞಾನ ಯಾರ ದೇಹಗಳಿಂದ ಬಂದಿತು ಎಂಬುದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಗಲ್ಲಿಗೇರಿದವರು, ದಿಕ್ಕಿಲ್ಲದವರು, ಗೋರಿಯಿಂದ ಕದ್ದು ತಂದವರು. ಒಬ್ಬ ಹೆಂಗಸಿನ ಶವವನ್ನು ವಿದ್ಯಾರ್ಥಿಗಳು ಗೋರಿಯಿಂದ ಕದ್ದು, ಗುರುತು ಸಿಗದಂತೆ ಮಾಡಿದ್ದನ್ನು ವೆಸಾಲಿಯಸ್ ಯಾವ ಅಳುಕೂ ಇಲ್ಲದೆ ಬರೆದಿದ್ದಾನೆ. ಅವಳ ಮನೆಯವರ ಸಂಕಟ ಅವನ ಮನಸ್ಸಿಗೆ ತಟ್ಟಿದಂತೆ ಕಾಣುವುದಿಲ್ಲ. ಅವನ ದೊಡ್ಡತನವನ್ನು ಒಪ್ಪುತ್ತಲೇ ಇದನ್ನು ತಪ್ಪೆಂದು ಹೇಳಬೇಕು. ಇಂದು ವೈದ್ಯಕೀಯ ಕಾಲೇಜುಗಳಿಗೆ ಎಷ್ಟೋ ಮಂದಿ ಬದುಕಿರುವಾಗಲೇ ಬರೆದುಕೊಟ್ಟು ತಮ್ಮ ದೇಹವನ್ನು ದಾನ ಮಾಡುತ್ತಾರೆ. ಕೇಳಿ ಪಡೆಯುವುದಕ್ಕೂ ಕೇಳದೆ ಒಯ್ಯುವುದಕ್ಕೂ ಬಹಳ ವ್ಯತ್ಯಾಸವಿದೆ. ಹೀಗೆ ಒಯ್ದವರಲ್ಲಿ ಒಬ್ಬನ ಹೆಸರು ನಮಗೆ ಗೊತ್ತು. ಪುಸ್ತಕ ಅಚ್ಚಾಗುತ್ತಿದ್ದಾಗ, 1543ರ ಮೇ ತಿಂಗಳಲ್ಲಿ, ಬಾಸೆಲ್‌ನಲ್ಲಿ ಯಾಕೋಬ್ ಕಾರರ್ ಎಂಬ ಅಪರಾಧಿಗೆ ಮರಣದಂಡನೆಯಾಯಿತು. ಅವನ ದೇಹವನ್ನು ವೆಸಾಲಿಯಸ್ ಸಭೆಯ ಮುಂದೆ ಕೊಯ್ದು ತೋರಿಸಿ, ಎಲುಬುಗಳನ್ನು ಜೋಡಿಸಿ ವಿಶ್ವವಿದ್ಯಾಲಯಕ್ಕೆ ಕೊಟ್ಟನು. ಅದು ಇಂದಿಗೂ ಅಲ್ಲಿನ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿದೆ.

ಗ್ರಂಥವನ್ನು ಹೊಗಳಿದವರಿದ್ದಂತೆ ಹಳಿದವರೂ ಇದ್ದರು. ಎಲ್ಲರಿಗಿಂತ ಕೋಪಗೊಂಡವನು ಪ್ಯಾರಿಸ್ಸಿನ ಗುರು ಸಿಲ್ವಿಯಸ್. ಶಿಷ್ಯನ ಹೆಸರನ್ನೇ ತಿರುಚಿ ಹುಚ್ಚನೆಂಬ ಅರ್ಥ ಬರುವಂತೆ ಮಾಡಿ, 1551ರಲ್ಲಿ ಒಂದು ಖಂಡನೆಯ ಪುಸ್ತಕವನ್ನೇ ಬರೆದನು. ಗ್ಯಾಲೆನ್ ತಪ್ಪಿರಲು ಸಾಧ್ಯವಿಲ್ಲ. ಅವನ ಕಾಲದಿಂದ ಈಚೆಗೆ ಮನುಷ್ಯರ ದೇಹವೇ ಕೆಟ್ಟು ಬದಲಾಗಿರಬೇಕು ಎಂಬುದು ಅವನ ವಾದ. ತೊಡೆಯ ಎಲುಬು ಗ್ಯಾಲೆನ್ ಹೇಳಿದಷ್ಟು ಬಾಗಿಲ್ಲವಲ್ಲ ಎಂದರೆ, ಜನ ಬಿಗಿಯಾದ ಷರಾಯಿ ತೊಡತೊಡಗಿದ್ದರಿಂದ ಅದು ನೆಟ್ಟಗಾಯಿತು ಎಂದನಂತೆ. ನಗು ಬರುತ್ತದೆ, ನಿಜ. ಆದರೆ ಈತ ದಡ್ಡನಾಗಿರಲಿಲ್ಲ. ಜೀವಮಾನವೆಲ್ಲ ಕಲಿಸಿದ್ದನ್ನು ಮುಪ್ಪಿನಲ್ಲಿ ಬಿಟ್ಟುಕೊಡುವುದು ಅವನಿಗೆ ಸಾಧ್ಯವಾಗಲಿಲ್ಲ.

ಅಷ್ಟರಲ್ಲಿ ವೆಸಾಲಿಯಸ್ ಪಾದುವಾವನ್ನು ಬಿಟ್ಟು ಚಕ್ರವರ್ತಿ ಚಾರ್ಲ್ಸನ ಆಸ್ಥಾನವೈದ್ಯನಾಗಿದ್ದನು. ಟೀಕೆಗಳಿಂದ ಬೇಸತ್ತು ತನ್ನ ಅನೇಕ ಟಿಪ್ಪಣಿಗಳನ್ನು ಬೆಂಕಿಗೆ ಹಾಕಿದನು. 1544ರಲ್ಲಿ ಮದುವೆಯಾದನು, ಒಬ್ಬಳು ಮಗಳು ಹುಟ್ಟಿದಳು. ಯುದ್ಧಭೂಮಿಗಳಲ್ಲಿ ಸೈನಿಕರ ಗಾಯಗಳಿಗೆ ಚಿಕಿತ್ಸೆ ಮಾಡಿದನು. 1555ರಲ್ಲಿ ಫ್ಯಾಬ್ರಿಕಾದ ಎರಡನೆಯ ಮುದ್ರಣವನ್ನು ತಿದ್ದಿ ಹೊರತಂದನು. ಹೃದಯದ ನಡುಗೋಡೆಯಲ್ಲಿ ರಕ್ತ ಜಿನುಗುವ ರಂಧ್ರಗಳಿವೆ ಎಂದು ಗ್ಯಾಲೆನ್ ಹೇಳಿದ್ದನು. ಮೊದಲ ಮುದ್ರಣದಲ್ಲಿ ಆ ಬಗ್ಗೆ ಬೆರಗಷ್ಟೇ ಪಟ್ಟಿದ್ದ ವೆಸಾಲಿಯಸ್ ಈ ಸಲ ಅಂತಹ ದಾರಿ ತನಗೆ ಕಾಣುವುದಿಲ್ಲವೆಂದು ನೇರವಾಗಿಯೇ ಬರೆದನು. ಅವನ ಪುಸ್ತಕದಲ್ಲಿಯೂ ತಪ್ಪುಗಳು ಉಳಿದಿದ್ದವು. ಕಣ್ಣಿನ ಮಸೂರವನ್ನು ಅವನು ಗುಡ್ಡೆಯ ನಟ್ಟನಡುವೆ ಇಟ್ಟಿದ್ದಾನೆ. ಅದು ಇರುವುದು ಮುಂಭಾಗದಲ್ಲಿ. ಅವನ ನಂತರ ಪಾದುವಾದಲ್ಲಿ ಪಾಠ ಹೇಳಿದ ಫಲ್ಲೋಪಿಯೋ 1561ರಲ್ಲಿ ಇಂತಹ ಹಲವನ್ನು ಬಹಳ ಗೌರವದಿಂದಲೇ ಎತ್ತಿ ತೋರಿಸಿದನು.

1559ರಿಂದ ವೆಸಾಲಿಯಸ್ ಚಾರ್ಲ್ಸನ ಮಗನಾದ ದೊರೆ ಎರಡನೆಯ ಫಿಲಿಪ್ಪನೊಂದಿಗೆ ಸ್ಪೇನಿನಲ್ಲಿದ್ದನು. ಅದೇ ವರ್ಷ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿ ಕಾಳಗದ ಕ್ರೀಡೆಯಲ್ಲಿ ಭರ್ಜಿಯ ಚೂರು ತಗುಲಿ ಗಾಯಗೊಂಡಾಗ ಇವನನ್ನೂ ಕರೆಸಿದ್ದರು, ದೊರೆ ಬದುಕಲಿಲ್ಲ. ಸ್ಪೇನಿನಲ್ಲಿ ಅವನಿಗೆ ಗೌರವವಿತ್ತು, ಸಂಬಳವಿತ್ತು. ಕೊಯ್ದು ನೋಡಲು ಶವವಿರಲಿಲ್ಲ. ಒಂದು ತಲೆಬುರುಡೆ ಕೂಡ ಕೈಗೆ ಸಿಗುವಂತಿಲ್ಲ ಎಂದು ಅವನು ಕೊರಗಿದ್ದುಂಟು. ಸ್ಮಶಾನದಲ್ಲಿ ಕುಳಿತು ಎಲುಬುಗಳೊಂದಿಗೆ ಆಡಿದ ಹುಡುಗನಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೆ ಇರಲಾರದು.

1564ರಲ್ಲಿ ಅವನು ಜೆರುಸಲೇಮಿಗೆ ಯಾತ್ರೆ ಹೊರಟನು. ಏಕೆ ಹೊರಟನೆಂಬುದಕ್ಕೆ ಹಲವು ಕಥೆಗಳು ಹುಟ್ಟಿಕೊಂಡಿವೆ. ಜೀವವಿರುವ ಮನುಷ್ಯನನ್ನು ಕೊಯ್ದದ್ದಕ್ಕೆ ಶಿಕ್ಷೆಯಾಗಿ ಕಳುಹಿಸಿದರೆಂಬ ಕಥೆಯೂ ಅವುಗಳಲ್ಲೊಂದು, ಅದಕ್ಕೆ ಆಧಾರವಿಲ್ಲ. ಹಿಂದಿರುಗುವಾಗ ಕಡಲ ಪ್ರಯಾಣದಲ್ಲಿ ಬಹಳ ಕಷ್ಟಪಟ್ಟು ಗ್ರೀಸಿನ ಜಾಕಿಂತೋಸ್ ದ್ವೀಪವನ್ನು ಸೇರಿ, ಅಕ್ಟೋಬರ್ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡನು. ಐವತ್ತು ತುಂಬಲು ಕೆಲವೇ ವಾರಗಳಿದ್ದವು. ಅವನನ್ನು ಹೂಳಿದ ಜ���ಗ ಇಂದು ಯಾರಿಗೂ ಗೊತ್ತಿಲ್ಲ.

ಆಲ್ಪ್ಸ್ ದಾಟಿ ಬಂದ ಮರದ ಅಚ್ಚುಗಳು ಮಾತ್ರ ಕೈಯಿಂದ ಕೈಗೆ ಸಾಗುತ್ತಾ ಬಹುಕಾಲ ಉಳಿದವು. ಕೊನೆಗೆ ಅವು ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸೇರಿದ್ದವು. ಸುಮಾರು ನಾಲ್ಕು ಶತಮಾನಗಳ ಮೇಲೆ, 1934ರಲ್ಲಿ, ಅವೇ ಅಚ್ಚುಗಳಿಗೆ ಮತ್ತೆ ಮಸಿ ಸವರಿ ಚಿತ್ರಗಳನ್ನು ಮುದ್ರಿಸಿದರು. ಸಲಿಕೆಗೆ ಒರಗಿ ನಿಂತ ಅಸ್ಥಿಪಂಜರ ಆಗಲೂ ಸ್ಪಷ್ಟವಾಗಿ ಮೂಡಿತು. ಹತ್ತು ವರ್ಷಗಳ ನಂತರ, ಎರಡನೆಯ ಮಹಾಯುದ್ಧದಲ್ಲಿ ಮ್ಯೂನಿಕ್ಕಿನ ಮೇಲೆ ಬಾಂಬುಗಳು ಬಿದ್ದಾಗ ಅವೆಲ್ಲವೂ ಸುಟ್ಟುಹೋದವು.